ಉದ್ದ ಅಲಗಿಗೆ ಒಂದೇ ಹದ



ಮಳೆ ಕಡಿಮೆಯಾದ ಈ ಜತ್ತ ತಾಲ್ಲೂಕಿನಿಂದ ಕಬ್ಬು ಕಡಿಯಲು ಗುಳೆ ಹೋಗುವ ನಮಗೆ ಕೊಯತಾವೇ ಅನ್ನ. ಅದು ಮುರಿದರೆ ಕೂಲಿಯೂ ಹೋಯಿತು, ಕಾಲೂ ಹೋದೀತು.

ಹಿಂದೆ ಯುದ್ಧದ ಕತ್ತಿ ಮಾಡಿದವರಿಗೂ ಇದೇ ಚಿಂತೆ: ಕುಲುಮೆ ಗಿಡ್ಡ, ಅಲಗು ಉದ್ದ. ಸಮನಾಗಿ ಕಾಯದಿದ್ದರೆ ಒಂದು ಕಡೆ ಗಾಜಿನಂತೆ ಒಡೆಯುತ್ತದೆ, ಇನ್ನೊಂದು ಕಡೆ ಮಣಿಯುತ್ತದೆ. ಅದಕ್ಕೆ ನೆಲದಲ್ಲಿ ಕಾಲುವೆಯಂಥ ಒಲೆ ತೋಡಿ, ಸಾಲುತೂತಿನ ಕೊಳವೆಯಿಂದ ಗಾಳಿ ಊದಿ, ಇದ್ದಿಲಲ್ಲಿ ಅಲಗನ್ನು ಹಿಂದೆ ಮುಂದೆ ಎಳೆಯುತ್ತಿರಬೇಕು. ಸುಮಾರು 770 ಡಿಗ್ರಿಗೆ ಉಕ್ಕು ಅಯಸ್ಕಾಂತಕ್ಕೆ ಅಂಟುವುದಿಲ್ಲ. ಇನ್ನಷ್ಟು ಕಾಸಿ, ನೆಟ್ಟಗೆ ಎಣ್ಣೆಗೆ ಇಳಿಸಬೇಕು. ಓರೆಯಾದರೆ ಸೊಟ್ಟಗಾಗುತ್ತದೆ. ಲಾರಿಯ ಕಮಾನ್ ಪಟ್ಟಿಯ ಉಕ್ಕನ್ನು ನೀರಿಗೆ ಹಾಕಿದರೆ ಬಿರುಕು ಬಿಡಬಹುದು.

ಅಲ್ಲಿಗೇ ಮುಗಿಯಲಿಲ್ಲ. ಉಜ್ಜಿ ಬೆಳ್ಳಗೆ ಮಾಡಿ ಮತ್ತೆ ಮೆಲ್ಲಗೆ ಕಾಸಬೇಕು. ಒಣಹುಲ್ಲಿನ ಬಣ್ಣ ಬಂದರೆ ಸುಮಾರು 230 ಡಿಗ್ರಿ, ಬಾಯಿ ಗಟ್ಟಿ. ನೀಲಿ ಬಂದರೆ ಸುಮಾರು 300, ಬಾಗಿದರೂ ಮುರಿಯದ ಅಲಗು. ಉದ್ದ ಅಲಗಿಗೆ ನೀಲಿಯೇ ಕ್ಷೇಮ.

ಈ ಎರಡನೇ ಕಾಸುವಿಕೆಗೆ ಹೊತ್ತು ಬೇಕು. ಮುಕಾದಮನ ಟ್ರಕ್ಕು ಬರುವ ಮುನ್ನಾದಿನ ಕಮ್ಮಾರನನ್ನು ಅವಸರಪಡಿಸುವುದು ಬೇಡ. ನಾಲ್ಕಾರು ಮನೆಯವರು ಕೂಡಿ ವಾರ ಮೊದಲೇ ಕೊಡೋಣ. ಅವನಿಗೆ ಇದ್ದಿಲು ಉಳಿಯುತ್ತದೆ, ನಮಗೆ ಕೈಕಾಲು.