ತರಗತಿಯಿಂದ ಹೇಗ್‌ವರೆಗೆ



ಪೆಸಿಫಿಕ್ ಸಾಗರದಲ್ಲಿ ವನುವಾಟು ಎಂಬ ಪುಟ್ಟ ದ್ವೀಪರಾಷ್ಟ್ರವಿದೆ. 2015ರ ಮಾರ್ಚ್‌ನಲ್ಲಿ ಪ್ಯಾಮ್ ಚಂಡಮಾರುತ ಬಡಿದಾಗ ಅಲ್ಲಾದ ನಷ್ಟ, ದೇಶದ ಒಂದು ವರ್ಷದ ಒಟ್ಟು ಉತ್ಪನ್ನದ ಅರ್ಧಕ್ಕಿಂತ ಹೆಚ್ಚು. ಮನೆ ಹೋಯಿತು, ಗೆಡ್ಡೆಗೆಣಸಿನ ತೋಟ ಹೋಯಿತು, ಬಾಳೆ ಮಲಗಿತು. ವಾತಾವರಣ ಕೆಡಿಸಿ, ಭೂಮಿಯನ್ನು ಬಿಸಿಮಾಡಿ, ಇಂಥ ಚಂಡಮಾರುತಗಳನ್ನು ಉಗ್ರಗೊಳಿಸುವ ಹೊಗೆಯಲ್ಲಿ ಈ ದೇಶದ ಪಾಲು ಇಲ್ಲವೆನ್ನುವಷ್ಟು ಕಡಿಮೆ. ಆದರೂ ಮತ್ತೆ ಮತ್ತೆ ಬಡತನಕ್ಕೆ ಬೀಳುವವರು ಇವರೇ. ಇದು ಅನ್ಯಾಯ, ಇದಕ್ಕಿಂತ ಮೃದುವಾದ ಮಾತು ನನಗೆ ತೋಚುವುದಿಲ್ಲ.

2019ರಲ್ಲಿ, ರಾಜಧಾನಿ ಪೋರ್ಟ್ ವಿಲಾದಲ್ಲಿ ಕಾನೂನು ಓದುತ್ತಿದ್ದ 27 ವಿದ್ಯಾರ್ಥಿಗಳು ಈ ಅನ್ಯಾಯದ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಹವಾಮಾನ ಕಾಪಾಡುವುದರಲ್ಲಿ ದೇಶಗಳ ಹೊಣೆಯೇನು, ಹೊಣೆ ತಪ್ಪಿದರೆ ಆಗುವುದೇನು ಎಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯವನ್ನೇ ಕೇಳೋಣ ಎಂದರು. ವಿದ್ಯಾರ್ಥಿಗಳು ನೇರವಾಗಿ ಅಲ್ಲಿಗೆ ಹೋಗುವಂತಿಲ್ಲ, ವಿಶ್ವಸಂಸ್ಥೆ ಕೇಳಬೇಕು. ಹಾಗಾಗಿ ಪೆಸಿಫಿಕ್ ದೇಶಗಳ ನಾಯಕರಿಗೆ ಪತ್ರ ಬರೆದರು. ವನುವಾಟು ಸರ್ಕಾರ ಒಪ್ಪಿತು. 2023ರ ಮಾರ್ಚ್ 29ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಆ ಪ್ರಶ್ನೆಯನ್ನು ಒಮ್ಮತದಿಂದ ಹೇಗ್‌ಗೆ ಕಳಿಸಿತು. 2025ರ ಜುಲೈ 23ರಂದು ನ್ಯಾಯಾಧೀಶರೆಲ್ಲ ಒಂದೇ ದನಿಯಲ್ಲಿ ಉತ್ತರ ಕೊಟ್ಟರು: ಹವಾಮಾನವನ್ನು ಕಾಪಾಡುವುದು ದೇಶಗಳ ಕಾನೂನಿನ ಕರ್ತವ್ಯ, ತಪ್ಪಿದರೆ, ನೊಂದವರಿಗೆ ಪರಿಹಾರ ಕೊಡಬೇಕಾಗಬಹುದು.

ಇದು ಸಲಹಾ ಅಭಿಪ್ರಾಯ, ಕಟ್ಟಿಹಾಕುವ ತೀರ್ಪಲ್ಲ, ನಿಜ. ಆದರೆ ನಾಳೆ ಯಾವ ದೇಶದ ನ್ಯಾಯಾಲಯದಲ್ಲೂ ವಕೀಲರು ಇದನ್ನು ಎತ್ತಿ ತೋರಿಸಬಹುದು.

ನಿಮ್ಮ ಮನೆಯ ಮಕ್ಕಳು ಇಂಥ ಪ್ರಶ್ನೆ ಎತ್ತಿದರೆ, "ಮೊದಲು ಪರೀಕ್ಷೆಗೆ ಓದು" ಎಂದು ದಯವಿಟ್ಟು ಬಾಯಿ ಮುಚ್ಚಿಸಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು ಪೂರ್ತಿ ಕೇಳಿ.