ಮೂಲೆ ಸೇರಿದ್ದ ಲ್ಯಾಪ್‌ಟಾಪು ಮತ್ತು ಸಹಕಾರ ತತ್ವ

(ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಸಾಲ, ಠೇವಣಿ, ಗೊಬ್ಬರದ ವಿಚಾರವನ್ನು ಬಲ್ಲವರು ಈಗಾಗಲೇ ತಿಳಿಸಿದ್ದಾರೆ. ನಮ್ಮ ಪಾಲಿಗೆ ಬಂದಿರುವುದು ಸಂಘದ ಹಳೇ ಲ್ಯಾಪ್‌ಟಾಪಿನ ಕಥೆ. "ಇದೂ ಒಂದು ಭಾಷಣವಾ?" ಅಂತ ಹಿಂದಿನ ಸಾಲಿನಲ್ಲಿ ಯಾರೋ ನಕ್ಕಿದ್ದು ಕೇಳಿಸಿತು. ನಗಲಿ, ಆದರೆ ಪೂರ್ತಿ ಕೇಳಿ.

2013ರಲ್ಲಿ ಕೊಂಡ ಯಂತ್ರ ಅದು. ಮೆಮೊರಿ 4 ಜಿಬಿ. ಮೊದಲು ವಿಂಡೋಸ್ 7 ಇತ್ತು, ಆಮೇಲೆ ವಿಂಡೋಸ್ 10 ಹಾಕಿಸಿದೆವು. ಅಲ್ಲಿಂದ ಏದುಸಿರು ಶುರುವಾಯ್ತು. ಗುಂಡಿ ಒತ್ತಿ, ಚಹಾ ಕುಡಿದು ಬಂದರೂ ತೆರೆದಿರುತ್ತಿರಲಿಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಲು ಯಂತ್ರಕ್ಕೆ ಅರ್ಹತೆ ಇಲ್ಲ. ಕಡೆಗೊಂದು ದಿನ ಅದು ಏಳಲೇ ಇಲ್ಲ. ರಿಪೇರಿಯವರು "ಗುಜರಿಗೆ ಹಾಕಿ" ಅಂದುಬಿಟ್ಟರು.

ಹಾಕಬಹುದಿತ್ತು. ಆದರೆ ಸಂಘ ಕಟ್ಟಿದ ಹಿರಿಯರ ಫೋಟೋಗಳು ಅದರಲ್ಲೇ ಇದ್ದವು. ಅವರಲ್ಲಿ ಹಲವರು ಇಂದು ನಮ್ಮೊಂದಿಗಿಲ್ಲ. ಇನ್ನೊಂದು ಪ್ರತಿ ಎಲ್ಲೂ ಇಟ್ಟಿರಲಿಲ್ಲ. ಅದು ನಮ್ಮದೇ ತಪ್ಪು, ಒಪ್ಪಿಕೊಳ್ಳುತ್ತೇವೆ.

ಆಗ ಸದಸ್ಯರೊಬ್ಬರ ಮಗ, ಕಾಲೇಜು ಹುಡುಗ, ಬಂದು ಹೇಳಿದ: "ದೊಡ್ಡಪ್ಪಾ, ಅಳಿಸೋಕೆ ಯಾರಿಗೂ ಕೊಡಬೇಡಿ. ಮೊದಲು ಫೋಟೋ ತೆಗೆಯೋಣ." ಅವನು ಲಿನಕ್ಸ್ ಮಿಂಟ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯನ್ನು, ಅದರಲ್ಲೂ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು, ಇಳಿಸಿಕೊಂಡು ಬಂದ. ಅದನ್ನು ಪೆನ್‌ಡ್ರೈವಿಗೆ ಸುಮ್ಮನೆ ನಕಲು ಮಾಡಿದರೆ ಸಾಲದು. ಅದಕ್ಕೆಂದೇ ಇರುವ ತಂತ್ರಾಂಶದಿಂದ ಬರೆಯಬೇಕು. ಪೆನ್‌ಡ್ರೈವಿನಲ್ಲಿ ಮೊದಲಿದ್ದದ್ದೆಲ್ಲ ಅಳಿಸಿ ಹೋಗುತ್ತದೆ, ನೆನಪಿಡಿ. ಆಮೇಲೆ ಲ್ಯಾಪ್‌ಟಾಪನ್ನು ಆ ಪೆನ್‌ಡ್ರೈವಿನಿಂದಲೇ ಎಬ್ಬಿಸಿದ. ಒಳಗಿನ ಹಾರ್ಡ್‌ಡಿಸ್ಕನ್ನು ಮುಟ್ಟದೆ ವ್ಯವಸ್ಥೆ ಓಡತೊಡಗಿತು. ಕೆಟ್ಟಿದ್ದದ್ದು ವಿಂಡೋಸು, ಡಿಸ್ಕ್ ಇನ್ನೂ ಗಟ್ಟಿಯಾಗಿತ್ತು. ಮೊದಲ ಸರ್ವಸದಸ್ಯರ ಸಭೆಯ ಚಿತ್ರ ಪರದೆ ಮೇಲೆ ಬಂದಾಗ, ನಮ್ಮ ಕಾರ್ಯದರ್ಶಿಗಳು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

ಎಲ್ಲವನ್ನೂ ಎರಡು ಕಡೆ ನಕಲು ಮಾಡಿದ ಮೇಲೆ, ವೈಫೈ, ಧ್ವನಿ, ಕನ್ನಡ ಬೆರಳಚ್ಚು ಸರಿಯಿದೆಯೇ ಅಂತ ಪರೀಕ್ಷಿಸಿ, ಆಮೇಲಷ್ಟೇ ಡಿಸ್ಕ್ ಅಳಿಸಿ ಲಿನಕ್ಸ್ ಸ್ಥಾಪಿಸಿದೆವು. ಈಗ ಅದು ವಾಚನಾಲಯದಲ್ಲಿದೆ. ಮಕ್ಕಳು ಅರ್ಜಿ ತುಂಬುತ್ತಾರೆ, ಲಿಬ್ರೆ ಆಫೀಸಿನಲ್ಲಿ ಕನ್ನಡ ಪತ್ರ ಬರೆಯುತ್ತಾರೆ. ಎಲ್ಲವೂ ಸರಿಹೋಯಿತು ಅನ್ನುವಂತಿಲ್ಲ. ಹಳೇ ಸ್ಕ್ಯಾನರ್ ಹೊಂದಲಿಲ್ಲ. ಲೆಕ್ಕಪತ್ರದ ತಂತ್ರಾಂಶ ವಿಂಡೋಸಿಗೆಂದೇ ಮಾಡಿದ್ದು. ಆದ್ದರಿಂದ ಕಚೇರಿಯ ಕಂಪ್ಯೂಟರಿಗೆ ಕೈ ಹಾಕಲಿಲ್ಲ.

ಇಷ್ಟೆಲ್ಲ ಬಿಟ್ಟಿ ಕೊಟ್ಟವರು ಯಾರು? 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಎಂಬುವರು ಗ್ನೂ ಯೋಜನೆಯನ್ನು ಸಾರಿದರು. 1991ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸ್ ತಿರುಳನ್ನು ಬರೆದು ಹಂಚಿದ. ಆಮೇಲೆ ಸಾವಿರಾರು ಜನ ಕೈ ಸೇರಿಸಿದರು. ಇಲ್ಲಿ ಮುಕ್ತ ಅಂದ್ರೆ ದುಡ್ಡಿಲ್ಲ ಎಂದಷ್ಟೇ ಅಲ್ಲ. ಬಳಸಲು, ಒಳಗೆ ನೋಡಲು, ತಿದ್ದಲು, ಹಂಚಲು ಎಲ್ಲರಿಗೂ ಹಕ್ಕಿದೆ ಎಂದರ್ಥ.

ಬಂಧುಗಳೇ, ಈ ಮಾತು ನಮಗೆ ಹೊಸದೇನು? 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗಲೂ ಇದ್ದದ್ದು ಇದೇ ನಂಬಿಕೆ: ಒಬ್ಬನಿಂದಾಗದ್ದು ಹತ್ತು ಜನ ಕೂಡಿದರೆ ಆಗುತ್ತದೆ.

ನಿಮ್ಮ ಮನೆಯಲ್ಲೂ ಹಳೇ ಲ್ಯಾಪ್‌ಟಾಪು ಮೂಲೆ ಸೇರಿದ್ದರೆ, ಗುಜರಿಗೆ ಹಾಕುವ ಮೊದಲು ವಾಚನಾಲಯಕ್ಕೆ ತನ್ನಿ, ಕೂತು ನೋಡೋಣ. ಫೋಟೋ, ಪಹಣಿ, ಅಂಕಪಟ್ಟಿ ಏನಿದ್ದರೂ ಎರಡು ಕಡೆ ಇಡಿ. ಆ ಹಿರಿಯರ ಚಿತ್ರಗಳು ಈ ಸಂಚಿಕೆಯಲ್ಲಿ ಅಚ್ಚಾಗಲಿವೆ. ಅವರನ್ನು ನೆನೆದು, ನಮ್ಮ ಎರಡು ಮಾತು ಮುಗಿಸುತ್ತೇವೆ.