ಪತ್ತು ಉಳಿಸಿಕೊಳ್ಳೋಣ
(ಸಂಘದ ರಜತ ಮಹೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಾವು ದೊಡ್ಡ ಭಾಷಣಕಾರರಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಮೇಟಿ ಹಿಡಿದವರು. ನಮಗೆ ಬಿದ್ದ ಪೆಟ್ಟು ನಿಮಗೆ ಬೀಳಬಾರದೆಂದು ಎರಡು ಮಾತು ಹೇಳುತ್ತೇವೆ.

1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಅಂದಿನಿಂದ ಇಂಥ ಸಂಘಕ್ಕೆ 'ಪತ್ತಿನ ಸಂಘ' ಎಂದೇ ಹೆಸರು. ಪತ್ತು ಎಂದರೆ ಬರೀ ರೊಕ್ಕವಲ್ಲ, ನಂಬಿಗೆ. ಮೊದಲು ಆ ನಂಬಿಗೆ ಊರವರ ಬಾಯಲ್ಲಿತ್ತು. ಈಗ ಕಂಪ್ಯೂಟರಿನಲ್ಲಿದೆ. ಅದಕ್ಕೆ ಜನ 'ಸಿಬಿಲ್' ಅಂತಾರೆ. 300ರಿಂದ 900ರವರೆಗೆ ಅಂಕ.

ನಮ್ಮ ಮನೆಯಲ್ಲಿ ಪಶು ಆಹಾರದ ಅಂಗಡಿಗಾಗಿ ಒಂದು ಬ್ಯಾಂಕಿನಲ್ಲಿ 2 ಲಕ್ಷದ ಓವರ್‌ಡ್ರಾಫ್ಟ್ ಖಾತೆ ತೆಗೆದಿದ್ದೆವು. ಮಿತಿಯವರೆಗೂ ಎತ್ತಿದೆವು. ಬಡ್ಡಿ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ, ಅಂದರೆ 2 ಸಾವಿರ. ಮಿತಿ ತುಂಬಿದ ಮೇಲೆ ಈ ಬಡ್ಡಿ ಎಲ್ಲಿ ಕೂಡಬೇಕು? ಮಿತಿಯ ಮೇಲೆಯೇ ಕೂಡಿತು. ಕಬ್ಬಿನ ಬಿಲ್ಲು ಬರಲಿ, ಒಮ್ಮೆಲೆ ತುಂಬಿದರಾಯ್ತು ಅಂದುಕೊಂಡೆವು. ಕಬ್ಬು ಕೊಟ್ಟ 14 ದಿನದೊಳಗೆ ರೊಕ್ಕ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆದರೆ ಬಿಲ್ಲು ತಡವಾಯಿತು. ನಾಲ್ಕು ತಿಂಗಳು ಖಾತೆಗೆ ಒಂದು ಪೈಸೆ ಹಾಕಲಿಲ್ಲ. ಯಾರೂ ಮನೆಗೆ ಬಂದು ಕೇಳಲಿಲ್ಲ; ನಾವೂ ಹೋಗಿ ಹೇಳಲಿಲ್ಲ. ತಪ್ಪು ನಮ್ಮದೇ.

ಮುಂದೆ ಮಗಳಿಗೆ ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿತು. ಶಿಕ್ಷಣ ಸಾಲ ಕೇಳಲು ಹೋದರೆ ಮ್ಯಾನೇಜರರು, "ಗೌಡ್ರ, ನಿಮ್ಮ ಸಿಬಿಲ್ ಬಿದ್ದೈತ್ರಿ" ಅಂದರು. ಮಗಳು ಪಕ್ಕದಲ್ಲೇ ಕುಳಿತಿದ್ದಳು. ಒಂದು ಮಾತು ಆಡಲಿಲ್ಲ. ಮೊದಲ ವರ್ಷದ ಫೀಗೆ ಎರಡು ಎಮ್ಮೆ ಮಾರಿದೆವು.

ಆಮೇಲೆ ತಿಳಿದದ್ದು ಇಷ್ಟು. ಓವರ್‌ಡ್ರಾಫ್ಟ್ ಖಾತೆ 90 ದಿನ ಸತತ ಮಿತಿ ಮೀರಿದ್ದರೆ, ಇಲ್ಲವೆ ಅಷ್ಟು ದಿನ ಜಮೆಯೇ ಇಲ್ಲದಿದ್ದರೆ, ಇಲ್ಲವೆ ಬಂದ ಜಮೆ ಬಡ್ಡಿಗೂ ಸಾಲದಿದ್ದರೆ, ಅದು ಎನ್‌ಪಿಎ, ಅಂದರೆ ವಸೂಲಾಗದ ಸಾಲದ ಪಟ್ಟಿಗೆ ಹೋಗುತ್ತದೆ. ಬೆಳೆಸಾಲದ ಲೆಕ್ಕ ಬೇರೆ: ಅಲ್ಪಾವಧಿ ಬೆಳೆಗೆ ಎರಡು ಹಂಗಾಮು, ವರ್ಷ ಮೀರುವ ಬೆಳೆಗೆ ಒಂದು ಹಂಗಾಮು ಬಾಕಿ ಉಳಿದರೆ ಎನ್‌ಪಿಎ. ಎರಡನ್ನೂ ಒಂದೇ ಅಂತ ತಿಳಿದು ಮೈಮರೆಯಬೇಡಿ.

ಆದ್ದರಿಂದ ಬಂಧುಗಳೆ, ಮಿತಿಯ ತುದಿಗೆ ಮುಟ್ಟಬೇಡಿ. ಬಡ್ಡಿ ಕೂಡಲು ಜಾಗ ಬಿಡಿ. ಕಬ್ಬಿನ ಬಿಲ್ಲು ವರ್ಷಕ್ಕೊಮ್ಮೆ, ಹಾಲಿನ ಬಿಲ್ಲು ಮೇಲಿಂದ ಮೇಲೆ. ಹಾಲಿನ ರೊಕ್ಕದಲ್ಲಿ ತಿಂಗಳ ಬಡ್ಡಿಯಷ್ಟಾದರೂ ಖಾತೆಗೆ ಹಾಕಿ. ಬಿಲ್ಲು ತಡವಾದರೆ ಮೊದಲೇ ಬ್ಯಾಂಕಿಗೆ ಹೋಗಿ ಹೇಳಿ. ಜಾಮೀನು ಸಹಿ ಹಾಕುವ ಮುಂಚೆ ವಿಚಾರ ಮಾಡಿ; ಅವರು ಸುಸ್ತಿಯಾದರೆ ಹೊರೆ ನಿಮ್ಮ ತಲೆಗೂ ಬರುತ್ತದೆ. ಅರ್ಧ ಬಡ್ಡಿ ಬಿಡಿಸಿ 'ಸೆಟಲ್‌ಮೆಂಟ್' ಮಾಡಿಕೊಂಡರೆ ಸಾಲ ಹೋದರೂ ವರದಿಯಲ್ಲಿ ಆ ಕಲೆ ಉಳಿಯುತ್ತದೆ. 2017ರಿಂದ ವರ್ಷಕ್ಕೊಮ್ಮೆ ಈ ವರದಿ ಪುಕ್ಕಟೆ ಸಿಗುತ್ತದೆ. ಕಲಿತ ಮಕ್ಕಳ ಕೈಯಿಂದ ತೆಗೆಸಿ ನೋಡಿ. ತಪ್ಪಿದ್ದರೆ ಬರೆದು ಕೊಡಿ.

ನಮ್ಮ ಸಂಘದ ಸಾಲಕ್ಕೂ ಇದೇ ಮಾತು. 2023-24ರ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ ಶೂನ್ಯ ಬಡ್ಡಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಆದರೆ ಗಡುವಿನೊಳಗೆ ತುಂಬಿದವರಿಗೆ ಮಾತ್ರ ಆ ಶೂನ್ಯ. ಮನ್ನಾ ಆಗ್ತದ ಅಂತ ಕಾಯುತ್ತ ಕೂತರೆ ಗಡುವು ದಾಟುತ್ತದೆ, ಬಡ್ಡಿ ಏರುತ್ತದೆ.

ನಮ್ಮ ಖಾತೆ ಈಗ ಸರಿಯಾಗಿದೆ. ಅಂಕ ಸಾವಕಾಶ ಏರಾಕತ್ತದ. ಎಮ್ಮೆ ಮಾತ್ರ ತಿರುಗಿ ಬರಲಿಲ್ಲ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ರೈತ ಕೃಷ್ಣೆ, ದೂಧಗಂಗೆಯ ಮಹಾಪೂರವನ್ನು 2005ರಲ್ಲಿ ಕಂಡ, 2019ರಲ್ಲಿ ಕಂಡ, ಮತ್ತೆ ಎದ್ದು ನಿಂತ. ಹೊಳೆ ಹೊಲ ಒಯ್ದರೆ ನಮ್ಮ ಕೈಯಲ್ಲಿಲ್ಲ. ಪತ್ತು ಉಳಿಸಿಕೊಳ್ಳೋದು ನಮ್ಮ ಕೈಯಲ್ಲೈತಿ.



ಜೈ ಸಹಕಾರ.